ದಾದ್ ಮಹಲಿನ ಅಂಗಳದಲ್ಲಿ

ಕಳೆದ ಚಳಿಗಾಲದ ಒಂದು ಭಾನುವಾರ ತಿಕೋಟಾದಿಂದ ಮದ್ರಸದ ಮಕ್ಕಳನ್ನು ಕರೆದುಕೊಂಡು ವಿಜಯಪುರದ ಆಸಾರ್ ಮಹಲಿಗೆ ಹೋಗಿದ್ದೆವು. ಕೋಟೆಯ ಕಂದಕದ ಪೂರ್ವಕ್ಕಿರುವ ಈ ಕಟ್ಟಡವನ್ನು ಸುಮಾರು 1646ರಲ್ಲಿ ಸುಲ್ತಾನ್ ಮುಹಮ್ಮದ್ ಆದಿಲ್ ಶಾಹ್ ಕಟ್ಟಿಸಿದರು. ಎತ್ತರದ ನಾಲ್ಕು ಮರದ ಕಂಬಗಳು, ಮುಂದೆ ಹಸಿರು ಅಂಗಳ, ವಿಶಾಲವಾದ ಕೊಳ.

“ಇದರ ಮೊದಲ ಹೆಸರು ದಾದ್ ಮಹಲ್. ಪಾರ್ಸಿಯಲ್ಲಿ ದಾದ್ ಎಂದರೆ ನ್ಯಾಯ. ಪ್ರವಾದಿವರ್ಯರ(ಸ) ಪವಿತ್ರ ಕೇಶವನ್ನು ಇಲ್ಲಿರಿಸಿದ ಮೇಲೆ ಆಸಾರ್ ಮಹಲ್ ಆಯಿತು” ಎಂದು ವಿವರಿಸಿದೆವು.

ಒಬ್ಬ ಬಾಲಕ ಕೇಳಿದ: “ಹಂಗಾದ್ರ ಹಜರತ್, ತಪ್ಪು ಮಾಡದವರಿಗೆ ಇಲ್ಲಿ ಶಿಕ್ಷಾ ಆಗ್ತಿರಲಿಲ್ಲೇನ್ರಿ?”

ಪ್ರಶ್ನೆ ಎದೆಗೆ ನಾಟಿತು. ಹಿಂದಿನ ವಾರ ಮುಸ್‌ಹಫ್‌ನ ಹಾಳೆಯೊಂದು ಹರಿದಿತ್ತು. ವಿಚಾರಿಸದೆ ಅವನನ್ನೇ ಎಲ್ಲರೆದುರು ನಿಲ್ಲಿಸಿ ಗದರಿದ್ದೆವು. ಹರಿದವನು ಬೇರೊಬ್ಬನೆಂದು ಎರಡೇ ದಿನಗಳಲ್ಲಿ ತಿಳಿದರೂ, ಗುರುವಿನ ಗೌರವದ ನೆಪದಲ್ಲಿ ಮೌನವಾಗಿದ್ದೆವು.

ನ್ಯಾಯವು ನಮಗೇ ವಿರುದ್ಧವಾಗಿದ್ದರೂ ಅದರ ಪರ ನಿಲ್ಲಬೇಕೆಂಬುದು ಕುರ್‌ಆನಿನ ಆದೇಶ. ಅದನ್ನು ಪ್ರತಿವರ್ಷ ಪಾಠ ಹೇಳುವವರು ನಾವೇ. ಗದರಿದ್ದು ಎಲ್ಲರೆದುರು; ಕ್ಷಮೆಯನ್ನು ಮಾತ್ರ ಗುಟ್ಟಾಗಿ ಕೇಳಬಹುದೇ? ಕೊಳದ ದಂಡೆಯ ಬಳಿ ಮಕ್ಕಳನ್ನೆಲ್ಲ ಕೂರಿಸಿ, ತಪ್ಪು ನಮ್ಮದೆಂದು ಹೇಳಿ, ಅವನಲ್ಲಿ ಕ್ಷಮೆ ಬೇಡಿದೆವು.

ಅವನು ತಲೆ ತಗ್ಗಿಸಿ, “ಇರಲಿ ಬಿಡ್ರಿ ಹಜರತ್” ಎಂದ.

ಪ್ರಿಯರೇ, ಮನೆಯಲ್ಲೂ ತರಗತಿಯಲ್ಲೂ ಹಿರಿಯರಾದ ನಾವೇ ಕಾಜಿಗಳು. ನಮ್ಮ ತೀರ್ಪು ತಪ್ಪಿದರೆ ಮಕ್ಕಳಿಗೆ ದೂರು ಹೇಳಲು ಬೇರೆ ದಾದ್ ಮಹಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವ ಎದೆಗಾರಿಕೆಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.