ನೂಲಿನ ನಗರದ ನಾದ

ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬೆಳೆದ ಹತ್ತಿ ಒಂದು ಕಾಲದಲ್ಲಿ ಎತ್ತುಗಳ ಬೆನ್ನೇರಿ ಘಟ್ಟವಿಳಿದು ಕುಮಟೆಯ ಬಂದರವನ್ನು ಸೇರುತ್ತಿತ್ತು. ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಕಡಲು ದಾಟಿ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತಕ್ಕೆ ಅದರ ಪ್ರಯಾಣ. ಆ ದೂರದ ಪೇಟೆಯಲ್ಲಿ 'ಕುಮಟಾ' ಎಂಬುದೂ 'ಧಾರವಾಡ್-ಅಮೆರಿಕನ್' ಎಂಬುದೂ ಹತ್ತಿಯ ಹೆಸರುಗಳಾಗಿ ಬಳಕೆಯಲ್ಲಿದ್ದವು. ಆ ಹತ್ತಿಯನ್ನು ನೂಲಾಗಿಸಿ, ಬಟ್ಟೆಯಾಗಿಸಿ ಮತ್ತೆ ಇಲ್ಲಿಗೇ ಮಾರಲು ಕಳುಹಿಸಿದ ಪ್ರಾಂತದ ರಾಜಧಾನಿಯಂತಿದ್ದ ಊರು ಮ್ಯಾಂಚೆಸ್ಟರ್. ಕನ್ನಡ ನಾಡಿನ ನೇಕಾರನ ಮಟ್ಟಿಗೆ ಅದು ಕೈಮಗ್ಗದ ಮೇಲೆ ಬಿದ್ದ ಪೆಟ್ಟಿನ ಹೆಸರು. ಆದರೆ ಹೊಗೆಕೊಳವೆಗಳ ಆ ಊರೇ ಒಂದೂವರೆ ಶತಮಾನಕ್ಕೂ ಮಿಗಿಲಾದ ಕಾಲದಿಂದ ಒಂದು ಸಂಗೀತ ಸಂಸ್ಥೆಯನ್ನು ತನ್ನ ಮಗುವಿನಂತೆ ಸಾಕಿಕೊಂಡು ಬಂದಿದೆಯೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ. ಆ ಸಂಸ್ಥೆಯೇ ಹಾಲೆ ವಾದ್ಯವೃಂದ.

ಪಾಶ್ಚಾತ್ಯರ ಸಿಂಫನಿ ವಾದ್ಯವೃಂದದ ಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಯುವುದು ಉಚಿತ. ನಮ್ಮ ಕಛೇರಿಯಲ್ಲಿ ಒಬ್ಬ ಗಾಯಕನು ರಾಗವನ್ನು ತನ್ನ ಮನೋಧರ್ಮದಂತೆ ಬೆಳೆಸುತ್ತಾನೆ. ಪಕ್ಕವಾದ್ಯದವರು ಅವನನ್ನು ಅನುಸರಿಸುತ್ತಾರೆ. ಅಲ್ಲಿ ಹಾಗಲ್ಲ. ಎಂಬತ್ತು ತೊಂಬತ್ತು ಮಂದಿ ಒಟ್ಟಿಗೆ ಕುಳಿತು, ಪಿಟೀಲು, ಕೊಳಲು, ತುತ್ತೂರಿ, ನಗಾರಿ ಮೊದಲಾದ ವಾದ್ಯಗಳಲ್ಲಿ ತಮ್ಮ ತಮ್ಮ ಮುಂದೆ ಬರೆದಿಟ್ಟ ಬೇರೆ ಬೇರೆ ಸ್ವರಪಂಕ್ತಿಗಳನ್ನು ಏಕಕಾಲದಲ್ಲಿ ನುಡಿಸುತ್ತಾರೆ. ಬಿಡಿಯಾಗಿ ಕೇಳಿದರೆ ಅಪೂರ್ಣವೆನಿಸುವ ಆ ಪಂಕ್ತಿಗಳು ಕೂಡಿದಾಗ ಕೃತಿಯಾಗುತ್ತವೆ. ಇವರೆಲ್ಲರನ್ನೂ ಒಂದು ಕಡ್ಡಿಯ ಸನ್ನೆಯಿಂದ ನಡೆಸುವವನು ವೃಂದನಾಯಕ. ಇಂಥ ವೃಂದವನ್ನು ಕಟ್ಟುವುದು ಕಷ್ಟ. ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಎಂಬತ್ತು ಸಂಸಾರಗಳ ಅನ್ನ ಅದರ ಮೇಲೆ ನಿಂತಿರುತ್ತದೆ. ಟಿಕೆಟ್ಟಿನ ಹಣವೊಂದರಿಂದಲೇ ಅದು ಸಾಗುವುದು ಎಲ್ಲಿಯೂ ಅಪರೂಪ. ಆದುದರಿಂದ ವಾದ್ಯವೃಂದದ ಚರಿತ್ರೆಯೆಂದರೆ ಅದನ್ನು ಸಾಕಿದ ಊರಿನ ಚರಿತ್ರೆಯೂ ಹೌದು.

ಸಂಸ್ಥಾಪಕನಾದ ಚಾರ್ಲ್ಸ್ ಹಾಲೆ ಆ ಊರಿನವನಲ್ಲ. 1819ರಲ್ಲಿ ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದ ಹಾಗೆನ್ ಎಂಬಲ್ಲಿ ಜನಿಸಿದ ಈತನು ತರುಣನಾಗಿದ್ದಾಗಲೇ ಪ್ಯಾರಿಸ್ಸಿಗೆ ಹೋಗಿ ಪಿಯಾನೋ ವಾದಕನೆಂದು ಹೆಸರು ಪಡೆದನು. ಷೋಪೆನ್, ಲಿಸ್ಟ್, ಬೆರ್ಲಿಯೋಜ್ ಮುಂತಾದ ಮಹಾಸಂಗೀತಗಾರರ ಒಡನಾಟ ಅವನಿಗೆ ದೊರೆಯಿತು. 1848ರ ಫ್ರೆಂಚ್ ಕ್ರಾಂತಿಯಲ್ಲಿ ಶಿಷ್ಯರು ಚದುರಿದರು, ಆದಾಯ ನಿಂತಿತು. ಹೆಂಡತಿ ಮಕ್ಕಳೊಡನೆ ಇಂಗ್ಲೆಂಡಿಗೆ ಬಂದ ಹಾಲೆಯನ್ನು ಮ್ಯಾಂಚೆಸ್ಟರಿಗೆ ಕರೆದವರು ಅಲ್ಲಿ ನೆಲೆಸಿದ್ದ ಜರ್ಮನ್ ವರ್ತಕರು. ನೂಲಿನ ವ್ಯಾಪಾರಕ್ಕಾಗಿ ಆ ಊರಿಗೆ ಬಂದಿದ್ದ ಜರ್ಮನರ ಸಂಖ್ಯೆ ಸಣ್ಣದಾಗಿರಲಿಲ್ಲ. ಫ್ರೆಡರಿಕ್ ಎಂಗೆಲ್ಸನು ತನ್ನ ತಂದೆ ಪಾಲುದಾರನಾಗಿದ್ದ ಹತ್ತಿ ವ್ಯಾಪಾರಸಂಸ್ಥೆಯಲ್ಲಿ ದುಡಿದುದೂ ಇದೇ ಊರಿನಲ್ಲಿ.

ಆಗ ಮ್ಯಾಂಚೆಸ್ಟರಿನಲ್ಲಿ ಸಂಗೀತವಿರಲಿಲ್ಲವೆಂದಲ್ಲ; 'ಜಂಟಲ್‌ಮನ್ಸ್ ಕಾನ್ಸರ್ಟ್ಸ್' ಎಂಬ ಸಭೆಯೊಂದಿತ್ತು. ಅದು ಚಂದಾ ತೆತ್ತ ಸಿರಿವಂತರಿಗೆ ಮಾತ್ರ ಮೀಸಲು. ಅಲ್ಲಿಯ ವಾದ್ಯಮೇಳವನ್ನು ಮೊದಲ ಸಲ ಕೇಳಿದಾಗ ಗಂಟುಮೂಟೆ ಕಟ್ಟಿ ಹೊರಟುಬಿಡೋಣವೆನಿಸಿತೆಂದು ಹಾಲೆ ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಆದರೆ ಹೊರಡಲಿಲ್ಲ. ಮೇಳದ ನಾಯಕತ್ವವನ್ನು ವಹಿಸಿಕೊಂಡು ತಿದ್ದತೊಡಗಿದನು.

1857ರಲ್ಲಿ ಮ್ಯಾಂಚೆಸ್ಟರಿನ ಹೊರವಲಯದ ಓಲ್ಡ್ ಟ್ರಾಫರ್ಡಿನಲ್ಲಿ ಒಂದು ಮಹಾ ಕಲಾಪ್ರದರ್ಶನ ನಡೆಯಿತು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಸುಮಾರು 13 ಲಕ್ಷ ಮಂದಿ ಅದನ್ನು ನೋಡಿದರು. ಅಲ್ಲಿ ಪ್ರತಿನಿತ್ಯ ನುಡಿಸಲು ಹಾಲೆ ದೇಶವಿದೇಶಗಳ ವಾದಕರನ್ನು ಕೂಡಿಸಿದನು. ಸಿಂಫನಿಯೆಂಬುದನ್ನು ಎಂದೂ ಕೇಳದಿದ್ದ ಉತ್ತರ ಇಂಗ್ಲೆಂಡಿನ ಸಾವಿರಾರು ಮಂದಿ ಅಲ್ಲಿ ಮೊದಲ ಬಾರಿಗೆ ಅದನ್ನು ಕೇಳಿದರು. ಪ್ರದರ್ಶನ ಮುಗಿಯಿತು. ಕೂಡಿಬಂದ ಮೇಳ ಇನ್ನು ಚದುರಿಹೋಗುವುದಲ್ಲ ಎಂಬ ವ್ಯಥೆ ಹಾಲೆಯನ್ನು ಕಾಡಿತು. ಅವರನ್ನು ಉಳಿಸಿಕೊಳ್ಳುವ ಹೊಣೆಯನ್ನು ತಾನೇ ಹೊತ್ತು, ನಷ್ಟವಾದರೆ ತನ್ನ ಕೈಯಿಂದಲೇ ಎಂದು ನಿಶ್ಚಯಿಸಿ, 1858ರ ಜನವರಿ 30ರಂದು ಫ್ರೀ ಟ್ರೇಡ್ ಸಭಾಭವನದಲ್ಲಿ ಮೊದಲ ಕಛೇರಿಯನ್ನು ನಡೆಸಿದನು. ಚಂದಾದಾರರಿಗಷ್ಟೇ ಅಲ್ಲ, ಅಗ್ಗದ ಟಿಕೆಟ್ಟು ಕೊಳ್ಳಬಲ್ಲ ದುಡಿಮೆಗಾರನಿಗೂ ಅಲ್ಲಿ ಬಾಗಿಲು ತೆರೆದಿತ್ತು.

ಆ ವರ್ಷದ ಮೂವತ್ತು ಕಛೇರಿಗಳು ಮುಗಿದ ಬಳಿಕ ಲೆಕ್ಕ ಹಾಕಲಾಯಿತು. ವ್ಯವಸ್ಥಾಪಕರು ಹಾಲೆಯ ಕೈಗೆ ಹೊಚ್ಚಹೊಸ ಮೂರು ಪೆನ್ನಿಯ ಹತ್ತು ನಾಣ್ಯಗಳನ್ನಿತ್ತರು. ಒಂದು ಕಛೇರಿಗೆ ಒಂದು ಪೆನ್ನಿ ಲಾಭ! ಬೇರೊಬ್ಬನಾಗಿದ್ದರೆ ಅಂದೇ ಕೈಚೆಲ್ಲುತ್ತಿದ್ದನು. ಹಾಲೆಗಾದರೋ ನಷ್ಟವಾಗಲಿಲ್ಲವೆಂಬುದೇ ದೊಡ್ಡ ಸಮಾಧಾನ. ಮರುವರ್ಷವೂ ಕಛೇರಿಗಳು ನಡೆದವು. ಆ ಬಳಿಕ ನಿಲ್ಲಲಿಲ್ಲ.

ಆ ಸಭಾಭವನದ ವಿಷಯವಾಗಿಯೂ ಒಂದು ಮಾತು. 1819ರಲ್ಲಿ, ಎಂದರೆ ಹಾಲೆ ಹುಟ್ಟಿದ ವರ್ಷವೇ, ಮತದಾನದ ಹಕ್ಕನ್ನು ಬೇಡಿ ನೆರೆದಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ ಸೇಂಟ್ ಪೀಟರ್ಸ್ ಬಯಲಿನ ಮೇಲೆಯೇ ಅದು ಎದ್ದುನಿಂತಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಬರುವುದು ನಿಂತಾಗ ಲ್ಯಾಂಕಷೈರಿನ ಗಿರಣಿಗಳು ಮುಚ್ಚಿದವು, ಲಕ್ಷಾಂತರ ಕೂಲಿಕಾರರು ಗಂಜಿಗೆ ಕೈಯೊಡ್ಡಬೇಕಾಯಿತು. ಧಾರವಾಡದ ಹತ್ತಿಗೆ ಬೆಲೆ ಏರಿದುದು ಆ ವರ್ಷಗಳಲ್ಲಿಯೇ. ಹಸಿದಿದ್ದ ಅದೇ ಕೂಲಿಕಾರರು 1862ರ ಡಿಸೆಂಬರ್ 31ರಂದು ಫ್ರೀ ಟ್ರೇಡ್ ಸಭಾಭವನದಲ್ಲಿ ಸೇರಿ, ಗುಲಾಮಗಿರಿಯ ವಿರುದ್ಧ ನಿಂತ ಅಧ್ಯಕ್ಷ ಲಿಂಕನ್ನನಿಗೆ ತಮ್ಮ ಬೆಂಬಲವನ್ನು ಬರೆದು ಕಳುಹಿಸಿದರು. ತಮ್ಮ ಹೊಟ್ಟೆಗೆ ಬೀಳುವ ಪೆಟ್ಟನ್ನರಿತೇ ಅವರು ಆ ಮಾತನ್ನಾಡಿದ್ದರು. ಸಂಗೀತಕ್ಕೆ ದೊರೆತ ಮನೆ ಇಂಥದು. ಅದರ ಗೋಡೆಗಳು ಸಿರಿವಂತರ ಹಣದಿಂದ ಎದ್ದಿದ್ದರೂ ಅದರ ನೆನಪುಗಳು ಸಾಮಾನ್ಯ ಜನರವಾಗಿದ್ದವು.

ಹಾಲೆ 37 ವರ್ಷ ವೃಂದವನ್ನು ನಡೆಸಿದನು. 1888ರಲ್ಲಿ ಅವನಿಗೆ ಸರ್ ಪದವಿ ಬಂದಿತು. 1893ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಗೀತ ಮಹಾವಿದ್ಯಾಲಯವೊಂದನ್ನು ಸ್ಥಾಪಿಸಿ ಅದರ ಮೊದಲ ಪ್ರಾಚಾರ್ಯನಾದನು. 1895ರ ಅಕ್ಟೋಬರ್ 25ರಂದು ಅವನು ತೀರಿಕೊಂಡಾಗ ವೃಂದದ ಮುಂದೆ ದೊಡ್ಡ ಪ್ರಶ್ನೆಯೊಂದು ಎದ್ದಿತು. ಲಾಭನಷ್ಟವೆಲ್ಲ ಅವನ ಹೆಸರಿನಲ್ಲಿತ್ತು. ನಿಯಮಾವಳಿಯಾಗಲಿ ಸಮಿತಿಯಾಗಲಿ ಇರಲಿಲ್ಲ. ಒಬ್ಬನ ಉಸಿರಿನಿಂದ ಬದುಕಿದ ಸಂಸ್ಥೆ ಆ ಉಸಿರು ನಿಂತಾಗ ನಿಲ್ಲಬೇಕೆ? ಊರಿನ ಮೂವರು ವ್ಯವಹಾರಸ್ಥರು, ಗುಸ್ಟಾವ್ ಬೆರೆನ್ಸ್, ಜೇಮ್ಸ್ ಫೋರ್ಸೈತ್ ಮತ್ತು ಹೆನ್ರಿ ಸೈಮನ್, ಮುಂದೆ ಬಂದು ಕಛೇರಿಗಳ ನಷ್ಟಕ್ಕೆ ತಾವು ಹೊಣೆಯೆಂದರು. ಹೀಗೆ ಕೆಲವು ವರ್ಷ ಕಳೆದು, 1899ರಲ್ಲಿ ಹಾಲೆ ಕಛೇರಿಗಳ ಸಂಘ ವಿಧಿವತ್ತಾಗಿ ಸ್ಥಾಪನೆಯಾಯಿತು. ಒಬ್ಬನ ಸೊತ್ತಾಗಿದ್ದುದು ಊರಿನ ಸೊತ್ತಾಯಿತು. ಹಾಲೆಯ ನಿಜವಾದ ಜಯ ಅವನ ಮರಣಾನಂತರದ್ದೆಂದು ಹೇಳಬಹುದು.

ಅದೇ ವರ್ಷ ನಾಯಕನಾಗಿ ಬಂದವನು ಹಾನ್ಸ್ ರಿಕ್ಟರ್. ಜರ್ಮನಿಯ ಬೈರಾಯ್ಟಿನಲ್ಲಿ 1876ರಲ್ಲಿ ವ್ಯಾಗ್ನರನ ಮಹಾಸಂಗೀತನಾಟಕಗಳನ್ನು ನಡೆಸಿ ಕೀರ್ತಿ ಪಡೆದಿದ್ದ ಈತನು 1911ರವರೆಗೆ ವೃಂದವನ್ನು ನಡೆಸಿದನು. ಎಡ್ವರ್ಡ್ ಎಲ್ಗರನ ಮೊದಲನೆಯ ಸಿಂಫನಿ ಲೋಕಕ್ಕೆ ಮೊದಲು ಕೇಳಿಸಿದುದು 1908ರ ಡಿಸೆಂಬರ್ 3ರಂದು ಹಾಲೆ ವೃಂದದಿಂದ, ಇದೇ ಸಭಾಭವನದಲ್ಲಿ. ಒಂದು ವರ್ಷದೊಳಗೆ ಆ ಕೃತಿ ದೇಶದೇಶಗಳಲ್ಲಿ ಸುಮಾರು ನೂರು ಬಾರಿ ನುಡಿಸಲ್ಪಟ್ಟಿತು. 1920ರಿಂದ 1933ರವರೆಗೆ ಹ್ಯಾಮಿಲ್ಟನ್ ಹಾರ್ಟಿಯ ನಾಯಕತ್ವದಲ್ಲಿ ವೃಂದದ ಕೀರ್ತಿ ಇನ್ನಷ್ಟು ಬೆಳೆಯಿತು. ಆದರೆ ಅವನ ಕಾಲದಲ್ಲಿಯೇ ಮೊದಲ ಮಹಾಯುದ್ಧದ ದಿನಗಳಲ್ಲಿ ಸೇರಿದ್ದ ವಾದಕಿಯರನ್ನು ಕೈಬಿಡಲಾಯಿತೆಂಬುದನ್ನೂ ಮುಚ್ಚಿಡಲಾಗದು. ಪರವೂರಿನಿಂದ ಬಂದವನನ್ನು ತನ್ನವನೆಂದು ಅಪ್ಪಿಕೊಂಡ ಸಂಸ್ಥೆಯೇ ತನ್ನ ಊರಿನ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದುದು ಚರಿತ್ರೆಯ ವಿಪರ್ಯಾಸ.

ಎರಡನೆಯ ಮಹಾಯುದ್ಧದಲ್ಲಿ ಪರೀಕ್ಷೆಯ ಕಾಲ ಬಂದಿತು. 1940ರ ಡಿಸೆಂಬರಿನ ಬಾಂಬು ದಾಳಿಯಲ್ಲಿ ಸಭಾಭವನ ಸುಟ್ಟು ಹೊರಗೋಡೆಗಳಷ್ಟೇ ನಿಂತವು. ವಾದಕರಲ್ಲಿ ಅನೇಕರು ಅದುವರೆಗೆ ಬಿ.ಬಿ.ಸಿ.ಯ ವೃಂದದಲ್ಲಿಯೂ ಹಾಲೆಯಲ್ಲಿಯೂ ನುಡಿಸುತ್ತಿದ್ದರು. ವರ್ಷವಿಡೀ ದುಡಿಯುವ ಸ್ವಂತ ವೃಂದ ಬೇಕೆಂದು ಹಾಲೆ ಸಂಘ ನಿರ್ಧರಿಸಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿರೆಂದು ಅವರನ್ನು ಕೇಳಿತು. ಹೆಚ್ಚಿನವರು ಬಿ.ಬಿ.ಸಿ.ಯನ್ನೇ ಆರಿಸಿಕೊಂಡರು. ಈ ಹೊತ್ತಿನಲ್ಲಿ ಕರೆಗೆ ಓಗೊಟ್ಟವನು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ನಾಯಕನಾಗಿದ್ದ ಜಾನ್ ಬಾರ್ಬಿರೋಲಿ. ಯುದ್ಧದ ನಡುವೆ ಅಟ್ಲಾಂಟಿಕನ್ನು ದಾಟಿ 1943ರ ಜೂನ್ ಆರಂಭದಲ್ಲಿ ಅವನು ಮ್ಯಾಂಚೆಸ್ಟರನ್ನು ಸೇರಿದಾಗ ಅರ್ಧ ವೃಂದವೂ ಉಳಿದಿರಲಿಲ್ಲ. ಮೊದಲ ಕಛೇರಿಗೆ ಉಳಿದಿದ್ದುದು ಸುಮಾರು ಒಂದು ತಿಂಗಳು.

ನುಡಿಸಬಲ್ಲ ಗಂಡಸರು ಬಹುಪಾಲು ಯುದ್ಧರಂಗದಲ್ಲಿದ್ದರು. ಬಾರ್ಬಿರೋಲಿ ದಿನವಿಡೀ ಪರೀಕ್ಷೆ ನಡೆಸಿ, ಕುಲಗೋತ್ರ ವಿಚಾರಿಸದೆ, ಕೈಯಲ್ಲಿ ಗುಣವಿದ್ದವರನ್ನೆಲ್ಲ ಸೇರಿಸಿಕೊಂಡನು. ಮೊದಲನೆಯ ಕೊಳಲುಗಾರ ಇನ್ನೂ ಶಾಲೆಯ ಹುಡುಗ. ಕಹಳೆ ಊದಲು ಬಂದವರಲ್ಲಿ ಒಬ್ಬಾಕೆ ಶಾಲಾ ಉಪಾಧ್ಯಾಯಿನಿ. ಹಿತ್ತಾಳೆ ವಾದ್ಯಗಳಿಗೆ ಸುತ್ತಮುತ್ತಣ ಊರುಗಳ ಬ್ಯಾಂಡ್ ಮೇಳಗಳ ವಾದಕರು ಬಂದರು. ಹಿಂದೆ ಮುಚ್ಚಿದ್ದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. 1943ರ ಜುಲೈ 5ರಂದು ಬ್ರ್ಯಾಡ್‌ಫರ್ಡಿನಲ್ಲಿ ಈ ಹೊಸ ವೃಂದ ಮೊದಲ ಬಾರಿಗೆ ನುಡಿಸಿದಾಗ ಕೇಳಿದವರಿಗೆ ಹಳೆಯ ಕೀರ್ತಿಗೆ ಕುಂದು ಬಂದಂತೆ ತೋರಲಿಲ್ಲ. ಸ್ವಂತ ಮನೆಯಿಲ್ಲದ ವೃಂದ ಬೆಲ್ ವ್ಯೂ ಎಂಬಲ್ಲಿ ಸರ್ಕಸ್ಸಿನ ಅಂಗಣದಲ್ಲಿಯೂ ಕಛೇರಿ ನಡೆಸಿತು. ಸಾವಿರಾರು ಮಂದಿ ಅಲ್ಲಿಗೂ ಬಂದು ಕೇಳಿದರು. 1951ರ ನವೆಂಬರ್ 16ರಂದು ಸಭಾಭವನ ಮತ್ತೆ ತೆರೆದಾಗ ಅದೇ ಪ್ರಾಂತದ ಮಗಳಾದ ಕ್ಯಾಥ್ಲೀನ್ ಫೆರಿಯರ್ ಹಾಡಿದಳು. ಹೆಚ್ಚಿನ ಸಂಬಳದ, ಹೆಚ್ಚಿನ ಗೌರವದ ಕರೆಗಳನ್ನು ಬಾರ್ಬಿರೋಲಿ ನಿರಾಕರಿಸಿದನು. 1970ರಲ್ಲಿ ತೀರಿಕೊಳ್ಳುವವರೆಗೂ ಅವನ ಮತ್ತು ಹಾಲೆಯ ಸಂಬಂಧ ಕಡಿಯಲಿಲ್ಲ.

ಭಾರತೀಯರಿಗೆ ಸಂತೋಷ ತರುವ ಸಂಗತಿಯೊಂದು ಈ ಕಾಲಕ್ಕೆ ಸೇರಿದೆ. 1935ರಲ್ಲಿ ಮುಂಬಯಿಯಲ್ಲಿ ಬಾಂಬೆ ಸಿಂಫನಿ ವಾದ್ಯವೃಂದವನ್ನು ಕಟ್ಟಿದ ಪಿಟೀಲು ವಾದಕರಾದ ಮೆಹ್ಲಿ ಮೆಹ್ತಾ ಅವರು 1950ರ ದಶಕದ ನಡುವಿನಲ್ಲಿ ಇಂಗ್ಲೆಂಡಿಗೆ ಹೋಗಿ ಬಾರ್ಬಿರೋಲಿಯ ಕೈಕೆಳಗೆ ಹಾಲೆ ವೃಂದದಲ್ಲಿ ಕೆಲವು ವರ್ಷ ನುಡಿಸಿದರು. ಜಗತ್ಪ್ರಸಿದ್ಧ ವೃಂದನಾಯಕರಾದ ಜುಬಿನ್ ಮೆಹ್ತಾ ಅವರ ಮಗ. ಹತ್ತಿಯನ್ನಷ್ಟೇ ಕಳುಹಿಸುತ್ತಿದ್ದ ಮುಂಬಯಿಯ ಬಂದರದಿಂದ ಒಂದು ಪಿಟೀಲೂ ಆ ಊರಿಗೆ ಹೋಗಿ ಸೇರಿತು.

ಮುಂದಿನ ಕಥೆ ಸಮೀಪದ್ದು. ಲ್ಯಾಂಕಷೈರಿನ ಹತ್ತಿ ಉದ್ಯಮ ಕುಸಿಯಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಹಣದಿಂದ ಹುಟ್ಟಿದ ವೃಂದ ಮಾತ್ರ ಉಳಿಯಿತು. 1996ರಲ್ಲಿ ಬ್ರಿಜ್‌ವಾಟರ್ ಸಭಾಭವನವೆಂಬ ಹೊಸ ಮನೆ ಅದಕ್ಕೆ ದೊರೆಯಿತು. ಹಳೆಯ ಸಭಾಭವನ ಮಾರಾಟವಾಗಿ, ಮುಂಭಾಗದ ಗೋಡೆಯನ್ನು ಉಳಿಸಿಕೊಂಡು ಹೋಟೆಲಾಯಿತು. ಆದರೆ ಹೊಸ ಮನೆಗೆ ಬಂದ ಎರಡೇ ವರ್ಷದಲ್ಲಿ ವೃಂದ ಸಾಲದ ಹೊರೆಯಿಂದ ಮುಚ್ಚುವ ಅಂಚಿಗೆ ಬಂದಿತು. 98 ಮಂದಿ ವಾದಕರ ಸಂಖ್ಯೆಯನ್ನು 80ಕ್ಕೆ ಇಳಿಸಬೇಕಾಯಿತು. ಹದಿನೆಂಟು ಮಂದಿಯ ಸ್ಥಾನ ಹೋದುದು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಆ ಮನೆಗಳಲ್ಲಿ ಅದು ಹಾಗಿರಲಾರದು. ಸಾರ್ವಜನಿಕರಿಂದ ಸುಮಾರು 20 ಲಕ್ಷ ಪೌಂಡು ಸಂಗ್ರಹವಾಯಿತು. 1895ರಲ್ಲಿ ಮೂವರು ಹೊತ್ತ ಹೊಣೆಯನ್ನು ಈ ಬಾರಿ ಬಹುಮಂದಿ ಹಂಚಿಕೊಂಡರು. 2000ದಲ್ಲಿ ಬಂದ ಮಾರ್ಕ್ ಎಲ್ಡರ್ 24 ವರ್ಷ ದುಡಿದು ಅದನ್ನು ಮತ್ತೆ ಮುಂದಣ ಸಾಲಿಗೆ ತಂದನು. 2024ರಲ್ಲಿ ಸಿಂಗಾಪುರದ ಕಾಚುನ್ ವಾಂಗ್ ನಾಯಕನಾದನು.

ಇಂದು ವೃಂದವು ಅಭ್ಯಾಸ ಮಾಡುವುದು ಆ್ಯಂಕೋಟ್ಸ್ ಎಂಬ ಕೇರಿಯಲ್ಲಿ. ಒಂದು ಕಾಲದಲ್ಲಿ ಅದು ನೂಲಿನ ಗಿರಣಿಗಳೂ ಕೂಲಿಕಾರರ ಇಕ್ಕಟ್ಟಿನ ಮನೆಗಳೂ ತುಂಬಿದ್ದ ಕೇರಿ. ಅಲ್ಲಿ ಪಾಳುಬಿದ್ದಿದ್ದ ಹತ್ತೊಂಬತ್ತನೆಯ ಶತಮಾನದ ಚರ್ಚೊಂದನ್ನು ಜೀರ್ಣೋದ್ಧಾರ ಮಾಡಿ 2013ರಿಂದ ಹಾಲೆಯವರು ಬಳಸುತ್ತಿದ್ದಾರೆ. ವೃಂದದೊಡನೆ 1858ರಿಂದ ನಡೆದುಬಂದಿರುವ ಗಾಯಕಮೇಳದವರು ಇಂದಿಗೂ ಸಂಬಳವಿಲ್ಲದೆ ಹಾಡುವ ಊರಿನ ಜನ. ದಿನದ ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುವವರು. ಮಕ್ಕಳ ಮೇಳವೂ ತರುಣರ ವಾದ್ಯವೃಂದವೂ ಅವರ ಜೊತೆಗಿವೆ.

ಈ ಚರಿತ್ರೆಯನ್ನು ಅವಲೋಕಿಸಿದಾಗ ಒಂದು ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. ಆ ಊರಿನ ಸಂಪತ್ತೆಲ್ಲ ಶುದ್ಧವಾದುದೆಂದು ಹೇಳಲಾಗದು. ಅಮೆರಿಕದ ಗುಲಾಮನ ಬೆವರೂ ಭಾರತದ ನೇಕಾರನ ಕಣ್ಣೀರೂ ಅದರಲ್ಲಿ ಬೆರೆತಿದ್ದವು. ಆ ಸಂಪತ್ತು ಇಂದಿಲ್ಲ. ಉಳಿದಿರುವುದು ಅದರಲ್ಲಿ ಹತ್ತು ಜನರ ಕಿವಿಗೆ, ಮನಸ್ಸಿಗೆ ಹಂಚಿದ ಪಾಲು ಮಾತ್ರ. ಸಂಸ್ಥೆಯನ್ನು ಹುಟ್ಟಿಸಲು ಒಬ್ಬ ಹಾಲೆ ಸಾಕು. ಅದನ್ನು ಉಳಿಸಲು ಮೊದಲ ವರ್ಷದ ಲೆಕ್ಕದಲ್ಲಿ ಮೂವತ್ತು ಪೆನ್ನಿಗಳನ್ನು ಕಂಡೂ ನಗಬಲ್ಲವರು, ಕಟ್ಟಡ ಸುಟ್ಟಾಗ ಸರ್ಕಸ್ಸಿನ ಅಂಗಣಕ್ಕಾದರೂ ಬಂದು ಕೂರಬಲ್ಲವರು, ತಾವು ಕಾಣದ ಪೀಳಿಗೆಗಾಗಿ ಕೈಯೆತ್ತಿ ಕೊಡಬಲ್ಲವರು ಬೇಕು. ಮ್ಯಾಂಚೆಸ್ಟರಿನ ಪುಣ್ಯದಿಂದ ಅಂಥವರು ಪ್ರತಿ ತಲೆಮಾರಿನಲ್ಲಿಯೂ ದೊರೆತರು. ಅಂತೆಯೇ ಆ ನಾದ ಇನ್ನೂ ಕೇಳಿಸುತ್ತಿದೆ.