ಅಣ್ಣನ ಮೈಲುಗಳು

ಅಣ್ಣ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅತ್ತಿಗೆ ಅವನ ಫೋನನ್ನು ನನ್ನ ಕೈಗೆ ಕೊಟ್ಟು, "ಬಸ್‌ಸ್ಟ್ಯಾಂಡ್ ಕಡೆ ಹೋದಾಗ ಇದಕ್ಕೊಂದು ರೀಚಾರ್ಜ್ ಮಾಡಿಸ್ಕೊಂಡು ಬಾರಪ್ಪ" ಅಂದರು. ನಾನು ಮುಖ ನೋಡಿದೆ. "ಬ್ಯಾಂಕಿಂದು, ಪಿಎಫ್‌ದು, ಎಲ್ಲಾ ಒಟಿಪಿ ಇದಕ್ಕೇ ಬರೋದು. ಈ ನಂಬರ್ ಬಂದ್ ಆದ್ರೆ ಎಲ್ಲಾನೂ ಬಂದ್."

ಇಪ್ಪತ್ತೆಂಟು ದಿನದ ಪ್ಯಾಕ್ ಹಾಕಿಸಿದೆ. ಅಂಗಡಿಯಿಂದ ಹೊರಗೆ ಬರುತ್ತಿದ್ದ ಹಾಗೇ ಫೋನು ಕಂಪಿಸಿತು. ಅವನು ಓಡಾಡುತ್ತಿದ್ದ ವಿಮಾನ ಕಂಪನಿಯ ಸಂದೇಶ. ಅಣ್ಣನ ಹೆಸರು ಹಿಡಿದು ಕರೆದು, ನಿಮ್ಮ ಖಾತೆಯಲ್ಲಿ 1,43,210 ಮೈಲುಗಳಿವೆ, ಮುಂದಿನ ಪ್ರಯಾಣ ಎಲ್ಲಿಗೆ ಎಂದು ಕೇಳಿತ್ತು. ಹೊಸಪೇಟೆಯ ಬಿಸಿಲಲ್ಲಿ, ಕಬ್ಬಿನ ಟ್ರ್ಯಾಕ್ಟರೊಂದು ಪಕ್ಕದಲ್ಲೇ ಹಾರ್ನ್ ಹೊಡೆಯುತ್ತಿದ್ದರೂ, ನಾನು ಆ ಪ್ರಶ್ನೆಯನ್ನೇ ನೋಡುತ್ತ ನಿಂತೆ.

ಅಣ್ಣ ಗಣಿಯವನು. ಕೆಲಸ ಶುರು ಮಾಡಿದ್ದು ಸಂಡೂರಿನಲ್ಲಿ, ಚೀನಾ ನಮ್ಮ ಅದಿರನ್ನು ಬಾಚಿ ಬಾಚಿ ಕೊಳ್ಳುತ್ತಿದ್ದ ಕಾಲದಲ್ಲಿ. ಆಗ ರಸ್ತೆ ತುಂಬ ಅದಿರಿನ ಲಾರಿ, ಬೇವಿನ ಮರದ ಎಲೆಯೂ ಕೆಂಪು. ಸಂಜೆ ಮನೆಗೆ ಬಂದರೆ ಅವನ ಅಂಗಿ ನೆನೆಸಿದ ಬಕೆಟ್ಟಿನ ನೀರು ಕುಂಕುಮ ಕಲಸಿದ ಹಾಗೆ ಕಾಣುತ್ತಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು, ಗುಡ್ಡಗಳು ಕಣ್ಣೆದುರೇ ಕರಗುತ್ತಿದ್ದವು. ಆದರೆ ಆ ಆದೇಶದ ಜೊತೆ ಎಷ್ಟೋ ಮನೆಗಳ ಸಂಬಳವೂ ನಿಂತಿತು, ನಮ್ಮದೂ ನಿಂತಿತು. ಒಂದು ವರ್ಷ ಅಲೆದು ಕೊನೆಗೆ ಅವನು ಜಾಂಬಿಯಾದ ತಾಮ್ರದ ಗಣಿಗೆ ಹೋದ. ಮೊದಲ ಸಲ ಫೋನ್ ಮಾಡಿದಾಗ ಅವನು ಹೇಳಿದ್ದು ಮಣ್ಣಿನ ಸುದ್ದಿ: "ಇಲ್ಲೂ ಸಂಡೂರಿನಂಗೇ ಕೆಂಪು ಐತವ್ವ."

ಆವತ್ತಿನಿಂದ ಅವ್ವನಿಗೆ ಒಂದೇ ಆಸೆ, ಆ ಕೆಂಪು ಮಣ್ಣು ನೋಡಬೇಕು, ಮಗ ಎಲ್ಲಿ ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ ನೋಡಬೇಕು. ಅಣ್ಣ ಪ್ರತಿ ಸಲ ಅದನ್ನೇ ಹೇಳುತ್ತಿದ್ದ: "ಮೈಲು ಕೂಡಿಸ್ತಾ ಇದೀನಿ. ನಿನ್ನ ಟಿಕೆಟ್ಟಿಗೆ ರೊಕ್ಕ ಕೊಡಂಗಿಲ್ಲ ನೋಡು, ನಾನು ಕೂತು ಬಂದಿದ್ದರ ಮ್ಯಾಲೆ ನೀನು ಕೂತು ಹೋಗ್ತಿ." ಅವ್ವನಿಗೆ ಮೈಲು ಅಂದರೆ ರಸ್ತೆ ಬದಿಯ ಮೈಲುಗಲ್ಲು. ಅವುಗಳನ್ನು ಹೇಗೆ ಕೂಡಿಡುತ್ತಾರೋ ತಿಳಿಯದು, ಮಗ ಕೂಡಿಡುತ್ತಿದ್ದಾನೆ ಎಂಬುದಷ್ಟೇ ಅವಳಿಗೆ ಸಾಕಾಗಿತ್ತು.

ರಜೆಗೆ ಬಂದವನು ವಾಪಸು ಹೋಗಲಿಲ್ಲ. ಎದೆನೋವು ಅಂದವನನ್ನು ಆಸ್ಪತ್ರೆ ಬಾಗಿಲಿನ ತನಕವೂ ಮುಟ್ಟಿಸಲಾಗಲಿಲ್ಲ. ಅಸ್ಥಿಯನ್ನು ಹಂಪಿಯ ಚಕ್ರತೀರ್ಥದಲ್ಲಿ ಬಿಟ್ಟು ಬಂದೆವು.

ಆಮೇಲೆ ಕಾಗದದ ಕೆಲಸ. ಕಂಪ್ಲಿಯಲ್ಲಿ ಅವನ ಪಾಲಿನ ಎರಡು ಎಕರೆ ಗದ್ದೆಯಿದೆ, ವಿಜಯನಗರದ ಅರಸರ ಕಾಲದಿಂದ ಹರಿಯುತ್ತಿರುವ ಕಾಲುವೆಯ ಕೆಳಗೆ. ಅದಕ್ಕೆ ಪೌತಿ ಖಾತೆ ಆಗಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅರ್ಜಿ, ತಕರಾರಿಗೆಂದು ಕಾಯುವ ದಿನಗಳು. ಬೇಸರದ ಕೆಲಸ, ನಿಜ. ಆದರೂ ಪಹಣಿಯಲ್ಲಿ ಅಣ್ಣನ ಹೆಸರಿದ್ದ ಕಡೆ ಅತ್ತಿಗೆಯ ಹೆಸರು ಬಂದ ದಿನ ನನಗೆ ಎಂಥದೋ ಸಮಾಧಾನವಾಯಿತು. ಹೋದವನ ದುಡಿಮೆ ಯಾರಿಗೆ ಸೇರಬೇಕೆಂದು ಕೇಳಲು ಒಂದು ಕಚೇರಿಯಿದೆ, ಕೇಳಿ ಬರೆದುಕೊಳ್ಳಲು ಒಂದು ಕಾಲಂ ಇದೆ.

ಮೈಲುಗಳಿಗೆ ಆ ಕಾಲಂ ಇರಲಿಲ್ಲ. ಖಾತೆಯನ್ನೆಲ್ಲ ಹುಡುಕಿದೆ, ನಾಮಿನಿ ಎಂಬ ಮಾತೇ ಇಲ್ಲ. ಟಿಕೆಟ್ ತೆಗೆದುಕೊಡುವ ಪರಿಚಯದ ಹುಡುಗ ದನಿ ತಗ್ಗಿಸಿ ಹೇಳಿದ: "ಸರ್, ಕಂಪನಿಗೆ ತಿಳಿಸಾಕ ಹೋಗಬ್ಯಾಡ್ರಿ. ಫೋನ್ ನಿಮ್ಮ ಕೈಯಾಗೈತಿ, ಒಟಿಪಿ ಬರ್ತೈತಿ. ಯಾರ ಹೆಸರಿಗೆ ಬೇಕೋ ಟಿಕೆಟ್ ತೆಗೆದುಬಿಡ್ರಿ. ಎಲ್ಲರೂ ಹಂಗೇ ಮಾಡ್ತಾರ." ಅತ್ತಿಗೆ ಒಪ್ಪಲಿಲ್ಲ. "ಅವರು ಇದಾರೆ ಅಂತ ನಾನು ಬರಕೊಡಬೇಕಾಗ್ತದೆ. ನನ್ನ ಕೈಲಿ ಆಗಲ್ಲ" ಅಂದರು. ಆ ಮಾತಿಗೆ ಎದುರಾಡುವ ಶಕ್ತಿ ನನಗಿರಲಿಲ್ಲ.

ಇದ್ದದ್ದು ಇದ್ದ ಹಾಗೇ ಬರೆದೆ. ಕನ್ನಡದ ಪ್ರಮಾಣಪತ್ರವನ್ನು ಇಂಗ್ಲಿಷಿಗೆ ಮಾಡಿಸಿ, ನೋಟರಿಯ ಮೊಹರು ಹಾಕಿಸಿ, ವಂಶವೃಕ್ಷ ಸೇರಿಸಿ ಕಳಿಸಿದೆ. ಉತ್ತರ ಬರುವ ತನಕ ಸುಮ್ಮನಿರಲಾರದೆ ಈ ಮೈಲುಗಳ ಹುಟ್ಟು ಏನೆಂದು ಓದತೊಡಗಿದೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಶುರು ಮಾಡಿದ ಯೋಜನೆಯ ದಾರಿಯನ್ನು ಉಳಿದ ಕಂಪನಿಗಳೂ ಹಿಡಿದವಂತೆ. ನಿಯಮಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದೇ ಮಾತು ಬರೆದಿದ್ದಾರೆ: ಮೈಲುಗಳು ಸದಸ್ಯನ ಆಸ್ತಿಯಲ್ಲ. ಅಮೆರಿಕದ ಡೆಲ್ಟಾ, ಸತ್ತ ಮೇಲೆ ವರ್ಗಾವಣೆಯಿಲ್ಲವೆಂದು ನೇರವಾಗಿಯೇ ಹೇಳುತ್ತದೆ. ಅಮೆರಿಕನ್ ಏರ್‌ಲೈನ್ಸ್, ಉಯಿಲಿನಲ್ಲಿ ಹೆಸರು ಬರೆದಿದ್ದರೆ ತನ್ನ ಮರ್ಜಿಯಂತೆ ಕೊಡಬಹುದೆಂದು ಒಂದು ಕಿಂಡಿ ಬಿಟ್ಟಿದೆ. ನಮ್ಮ ಜೆಟ್ ಏರ್‌ವೇಸ್‌ನ ಕಥೆ ಓದಿದಾಗಂತೂ ಬಹಳ ಹೊತ್ತು ಅದನ್ನೇ ಯೋಚಿಸಿದೆ. 2019ರ ಏಪ್ರಿಲ್‌ನಲ್ಲಿ ಅದರ ವಿಮಾನಗಳೆಲ್ಲ ನೆಲಕ್ಕಿಳಿದವು. ಆದರೆ ಅದರ ಮೈಲುಗಳನ್ನು ನೋಡಿಕೊಳ್ಳುತ್ತಿದ್ದದ್ದು ಬೇರೆಯದೇ ಕಂಪನಿ, ಹಾಗಾಗಿ ಅವು ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಲ್ಲಿ ಉಳಿದುಕೊಂಡವು. ವಿಮಾನ ಕಂಪನಿಯೇ ಮುಳುಗಿದರೂ ಮೈಲು ಉಳಿಯಬಹುದು, ಕೂತು ಗಳಿಸಿದವನು ಹೋದರೆ ಮಾತ್ರ ಉಳಿಯಬಾರದು ಅಂದರೆ ಯಾವ ನ್ಯಾಯ?

ಅಣ್ಣನ ಟಿಕೆಟ್ಟಿಗೆ ರೊಕ್ಕ ಕೊಟ್ಟದ್ದು ಗಣಿ ಕಂಪನಿಯಲ್ಲವೇ, ಮೈಲು ಅವನದು ಹೇಗಾಗುತ್ತದೆ ಎಂದು ಸ್ನೇಹಿತರೊಬ್ಬರು ಕೇಳಿದರು. ರೊಕ್ಕ ಅವರದೇ. ಆದರೆ ರಾತ್ರಿಯೆಲ್ಲ ಮೊಣಕಾಲು ಮಡಚಿ ಕೂತವನು ಅಣ್ಣ. ಮನೆಗೆ ಬಂದಿಳಿದಾಗ ಅವನ ಪಾದ ಬಾತುಕೊಂಡು ಚಪ್ಪಲಿಯ ಪಟ್ಟಿ ಒತ್ತಿ ಗೆರೆ ಬಿದ್ದಿರುತ್ತಿತ್ತು. ಅವ್ವ ಬಿಸಿನೀರಿಗೆ ಉಪ್ಪು ಹಾಕಿ, ಆ ಪಾದಗಳನ್ನು ಬೋಗುಣಿಯಲ್ಲಿ ಇಡಿಸುತ್ತಿದ್ದಳು. ಆ ಬಾವನ್ನು ಕಂಡವನು ನಾನು. ಮೈಲು ಯಾರದು ಎಂಬ ಪ್ರಶ್ನೆಗೆ ನನ್ನಲ್ಲಿ ಬೇರೆ ಉತ್ತರವಿಲ್ಲ.

ಆ ದಿನಗಳಲ್ಲೇ ನೆಂಟರೊಬ್ಬರನ್ನು ಹಂಪಿಗೆ ಕರೆದೊಯ್ದಿದ್ದೆ. ವಿರೂಪಾಕ್ಷ ಗುಡಿಯ ರಂಗಮಂಟಪದ ಎದುರು ಕೃಷ್ಣದೇವರಾಯನ ಶಾಸನದ ಕಲ್ಲಿದೆ. ಪಟ್ಟಾಭಿಷೇಕದ ಹೊತ್ತಿಗೆ ದೇವರಿಗೆ ಸಿಂಗಿನಾಯಕನಹಳ್ಳಿ ಎಂಬ ಊರನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಎಷ್ಟೋ ಸಲ ಅದರ ಮುಂದೆ ಹಾದು ಹೋಗಿದ್ದೇನೆ, ಅವತ್ತು ನಿಂತೆ. ನಮ್ಮ ಸೀಮೆಯ ದಾನಶಾಸನಗಳ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತುತ್ತಿದ್ದರು, ಅವರಿರುವ ತನಕ ಈ ಕೊಡುಗೆ ನಡೆಯಲಿ ಎಂದು. ಕೊಟ್ಟದ್ದು ಮಗನಿಗೆ, ಮೊಮ್ಮಗನಿಗೆ ಸಲ್ಲಲಿ ಎಂದು ಬರೆಸುತ್ತಿದ್ದರು. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ತಟ್ಟುವ ಪಾಪವನ್ನೂ ಕೊನೆಯಲ್ಲಿ ಬರೆಸುತ್ತಿದ್ದರು. ಕೊಡುವ ಕೈಗೆ ಒಂದು ಹೊಣೆಯಿದೆ, ಕೊಟ್ಟ ಮೇಲೆ ಅದು ಕೊಟ್ಟವನದಲ್ಲ ಎಂಬ ತಿಳಿವಳಿಕೆ ಆ ಕಲ್ಲಿನಲ್ಲಿದೆ. ಅಣ್ಣನಿಗೆ ಬಂದದ್ದು ದಾನವೂ ಅಲ್ಲ, ಕೂತು ಗಳಿಸಿದ್ದು.

ಮೂರು ವಾರಕ್ಕೆ ಉತ್ತರ ಬಂತು. ಸಂತಾಪ ಸೂಚಿಸಿದ್ದರು. ಯೋಜನೆಯ ನಿಯಮದಂತೆ ಖಾತೆಯನ್ನು ಮುಚ್ಚಲಾಗಿದೆ, ಮೈಲುಗಳು ರದ್ದಾಗಿವೆ. ಅತ್ತಿಗೆಗೆ ಓದಿ ಹೇಳಿದೆ. ಅವರು ತಲೆಯಾಡಿಸಿದರು. ಅವ್ವನಿಗೆ ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದರೆ ಅವಳೇ ಅಂದಳು: "ಬಿಡಪ್ಪ. ಅವನಿಲ್ಲದ ಊರಿಗೆ ಹೋಗಿ ನಾನೇನು ನೋಡ್ಲಿ."

ನನ್ನನ್ನು ಚುಚ್ಚಿದ್ದು ಇನ್ನೊಂದು. ಖಾತೆಯ ಜೊತೆ ಅದರೊಳಗಿನ ಪಟ್ಟಿಯೂ ಹೋಗಿತ್ತು. ಅಣ್ಣ ಯಾವ ದಿನ ಎಲ್ಲಿಂದ ಎಲ್ಲಿಗೆ ಹಾರಿದ, ಎಷ್ಟು ಮೈಲು ಎಂದು ಸಾಲುಸಾಲಾಗಿ ಅಲ್ಲಿತ್ತು. ನಾನು ಒಂದು ಪುಟವನ್ನೂ ತೆಗೆದಿಟ್ಟುಕೊಂಡಿರಲಿಲ್ಲ. ಅದನ್ನು ಅತ್ತಿಗೆಯ ಮುಂದೆ ಒಪ್ಪಿಕೊಂಡೆ. ಅವರು ಒಳಗೆ ಹೋಗಿ ಟ್ರಂಕಿನಿಂದ ಮಗಳ ಒಂದು ಹಳೇ ನೋಟ್‌ಬುಕ್ ತಂದರು. ನಾನು ಪತ್ರ ಕಳಿಸುವ ಮುಂಚಿನ ಎರಡು ರಾತ್ರಿ ಕೂತು, ಫೋನು ನೋಡಿಕೊಂಡು ಅಷ್ಟನ್ನೂ ನೀಲಿ ಬಾಲ್‌ಪೆನ್ನಿನಲ್ಲಿ ಇಳಿಸಿಕೊಂಡಿದ್ದರು.

ಸ್ಕೇಲು ಹಿಡಿದು ಎಳೆದ ಕಾಲಮ್ಮುಗಳು. ತಾರೀಕು, ಎಲ್ಲಿಂದ, ಎಲ್ಲಿಗೆ, ಮೈಲು. ಕೊನೆಯ ಕಾಲಂ ಕಂಪನಿಯ ಪಟ್ಟಿಯಲ್ಲಿ ಇರಲಿಲ್ಲ, ಅದು ಅತ್ತಿಗೆಯದು. ಒಂದು ಕಡೆ 'ಪಾಪು ಹುಟ್ಟಿದಾಗ' ಎಂದಿದೆ. ಒಂದು ಕಡೆ 'ಮಾವನವರು ಹೋದಾಗ, ಮೂರನೇ ದಿನಕ್ಕೆ ಬಂದರು'. ಇನ್ನೊಂದು ಕಡೆ 'ಜಾತ್ರೆಗೆ'. ಕೆಲವು ಸಾಲುಗಳ ಮುಂದೆ ಬರೀ 'ರಜೆ'. ಹೋದ ಸಾಲುಗಳ ಮುಂದೆ ಏನೂ ಬರೆದಿಲ್ಲ, ಬಂದ ಸಾಲುಗಳ ಮುಂದೆ ಮಾತ್ರ. ಎಲ್ಲಕ್ಕಿಂತ ಕೆಳಗೆ, ಫೋನಿನಲ್ಲಿ ಇದ್ದಿರಲಾರದ ಒಂದು ಸಾಲಿದೆ. ಅವನು ವಾಪಸು ಹೊರಡಬೇಕಿದ್ದ ದಿನದ ತಾರೀಕು, ಬೆಂಗಳೂರು ಎಂಬ ಹೆಸರು. ಮೈಲಿನ ಜಾಗದಲ್ಲಿ ಅತ್ತಿಗೆ ಒಂದು ಸಣ್ಣ ಗೆರೆ ಎಳೆದಿದ್ದರು.