ಹಾಜರಿ ಪುಸ್ತಕದಲ್ಲಿಲ್ಲದವರು

ಮಗಳ ಬಾಣಂತನಕ್ಕೆಂದು 2023ರ ಏಪ್ರಿಲ್ ಕೊನೆಯಲ್ಲಿ ನ್ಯೂಜೆರ್ಸಿಗೆ ಹೋದೆ. ಮೌಲ್ಯಮಾಪನ ಮುಗಿಸಿ, ಬೇಸಿಗೆ ರಜೆಗೆ ಇನ್ನಷ್ಟು ರಜೆ ಹೊಂದಿಸಿಕೊಂಡು, ಮೆಂತ್ಯದ ಹಿಟ್ಟು, ಅಂಟಿನುಂಡೆ, ಕೊಬ್ಬರಿ ಎಲ್ಲ ತುಂಬಿಕೊಂಡು ಹೊರಟಿದ್ದೆ. ಜೊತೆಗೆ ಒಂದಿಷ್ಟು ಬಿಗುಮಾನವೂ ಇತ್ತೆನ್ನಿ. ಅಳಿಯ ಕಲ್ಲಿಕೋಟೆಯ ಕಡೆಯವನು. ಮದುವೆಗೆ ನಾನು ಮನಸ್ಸಿನಿಂದ ಒಪ್ಪಿರಲಿಲ್ಲ. ಮೂರು ವರ್ಷದಲ್ಲಿ ನಮ್ಮ ಫೋನಿನ ಮಾತು 'ಊಟ ಆಯ್ತಾ' ದಾಟಿದ್ದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ನಾನು ಅವನಿಗೆ 'ನೀವು' ಎನ್ನುತ್ತಿದ್ದೆ. ಅವನು ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು ಏನೆಂದೂ ಕರೆಯದೆ ಮಾತಾಡುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು.

ಮಗಳಿಗೆ ರಕ್ತದೊತ್ತಡ ಏರಿತ್ತು. ಹೆಚ್ಚು ಓಡಾಡಬೇಡ ಎಂದಿದ್ದರು ಡಾಕ್ಟರು. ಅವಳಿಗೆ ನೋಡಿಕೊಂಡು ಕೂರಲು ಏನಾದರೂ ಇರಲಿ ಎಂದು ಅಳಿಯ ಹಾಲಿನಲ್ಲಿ ಎಪ್ಪತ್ತೈದು ಲೀಟರಿನ ಗಾಜಿನ ತೊಟ್ಟಿ ಇಟ್ಟಿದ್ದ. ಸಿಹಿನೀರಿನದಲ್ಲ, ಸಮುದ್ರದ ನೀರಿನದು. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು ಬೆರೆಸಿ ಮನೆಯಲ್ಲೇ ಸಮುದ್ರ ಮಾಡುವುದು! ಅದರೊಳಗೆ ಫ್ಲೋರಿಡಾದ ಕಡಲಿನಲ್ಲಿ ನೆನೆದು ಬಂದ ಜೀವಂತ ಕಲ್ಲುಗಳು. ಕಲ್ಲಿಗೆಂಥ ಜೀವ ಅಂದಿರಾ? ನಾನೂ ಹಾಗೇ ಅಂದುಕೊಂಡೆ. ಅದರಲ್ಲಿ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳೇ ಮೀನಿನ ಹೊಲಸಿನ ವಿಷ ಕಳೆಯುವುದಂತೆ. ಎರಡು ಕಿತ್ತಳೆ ಬಣ್ಣದ ಬಿಳಿಪಟ್ಟೆ ಮೀನುಗಳಿದ್ದವು. ದುಡ್ಡು ಕೊಟ್ಟು ತಂದದ್ದು ಅವೆರಡನ್ನೇ.

ಹಗಲು ರಾತ್ರಿ ಅದಲುಬದಲಾಗಿ ನನಗೆ ನಿದ್ದೆಯಿಲ್ಲ. ಮೂರನೆಯ ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ನೀರು ಕುಡಿಯಲು ಹೋದವಳು ತೊಟ್ಟಿಯ ಕಡೆ ಬೆಳಕು ಬಿಟ್ಟೆ. ಕಲ್ಲಿನ ಬಿಲದಿಂದ ಗೇಣುದ್ದದ ಜರಿಯೊಂದು ಹೊರಬಂದು ಹರಿಯುತ್ತಿದೆ! ಮೈಯ ಎರಡೂ ಕಡೆ ಬಿಳಿ ಬಿಳಿ ಕೂದಲು. 'ಅಯ್ಯೋ' ಎಂದು ಕೂಗಿಬಿಟ್ಟೆ. ಅಳಿಯ ಬರಿಗಾಲಲ್ಲಿ ಓಡಿ ಬಂದ. ಮಗಳಿಗೇ ಏನೋ ಆಯಿತೆಂದು ಹೆದರಿದ್ದನೆಂದು ಮುಖ ನೋಡಿದಾಗ ತಿಳಿಯಿತು. ನನಗೆ ನಾಚಿಕೆಯಾಯಿತು. ಅವನು ನಗಲಿಲ್ಲ. ಪಕ್ಕದಲ್ಲೇ ನೆಲದ ಮೇಲೆ ಕುಳಿತು ಪುಸ್ತಕ ತೆಗೆದ.

ಅದರ ಹೆಸರು ಬ್ರಿಸಲ್ ವರ್ಮ್. ಕೈಯಿಂದ ಮುಟ್ಟಿದರೆ ನಮ್ಮ ಕಂಬಳಿಹುಳದ ಹಾಗೆ ಮುಳ್ಳು ಚುಚ್ಚಿ ಉರಿಯುತ್ತದೆ. ಮೀನಿಗೆ ಅಪಾಯವಿಲ್ಲ, ತಿಂದು ಬಿಟ್ಟದ್ದನ್ನು ತಿಂದು ತೊಟ್ಟಿ ಗುಡಿಸುತ್ತದೆ. ಅದರ ಬಳಗದಲ್ಲೇ ಹವಳ ತಿನ್ನುವ ಕೆಟ್ಟದ್ದೂ ಒಂದಿದೆ. ನಮ್ಮದು ಅದಲ್ಲವೆಂದು ಖಾತ್ರಿಯಾಗುವಾಗ ನಾಲ್ಕು ಗಂಟೆ. ಕಾಫಿ ಮಾಡಿದೆ. ಇಬ್ಬರೂ ಕುಡಿದೆವು.

ಆಮೇಲೆ ದಿನಾ ರಾತ್ರಿ ಇದೇ ಕೆಲಸವಾಯಿತು. ಈ ಪ್ರಾಣಿಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣದಂತೆ. ಮಗಳ ಸೀಮಂತದ ಉಡುಗೊರೆಗೆ ಸುತ್ತಿದ್ದ ಕೆಂಪು ಕಾಗದವನ್ನೇ ಟಾರ್ಚಿಗೆ ಕಟ್ಟಿದೆವು. ನಾನು ಹಾಜರಿ ಪುಸ್ತಕದ ಹಾಗೆ ಗೀಟು ಹಾಕಿ ಬರೆಯತೊಡಗಿದೆ. ಅಡ್ಮಿಶನ್ನೇ ಇಲ್ಲದೆ ಬಂದು ಕುಳಿತ ಮಕ್ಕಳು ಎಷ್ಟೊಂದು! ಗಾಜಿನ ಮೇಲೆ ಓಡುವ ರವೆಕಾಳಿನಷ್ಟು ಕೋಪೆಪಾಡ್. ಸಾಸಿವೆಯಷ್ಟು ದೊಡ್ಡ ಬಿಳಿ ಜಿಲೇಬಿ ಸುತ್ತಿಕೊಂಡು ಅದರೊಳಗೇ ಕೂರುವ ಹುಳು. ಬಿಲದಿಂದ ಬರೀ ಕೈ ಚಾಚಿ ಊಟ ಹುಡುಕುವ, ಮುಖ ತೋರಿಸದ ಬ್ರಿಟಲ್ ಸ್ಟಾರ್. ಉಗುರಿನಷ್ಟು ನಕ್ಷತ್ರವೊಂದಿತ್ತು, ಮೂರು ಕೈ ಉದ್ದ, ಮೂರು ಮೊಟಕು. ಪಾಪ, ಊನವಾಗಿದೆ ಎಂದುಕೊಂಡೆ. ಅಲ್ಲ, ತನ್ನನ್ನು ತಾನೇ ಸೀಳಿಕೊಂಡು ಎರಡಾಗಿ, ಉಳಿದ ಕೈಗಳನ್ನು ಬೆಳೆಸಿಕೊಳ್ಳುತ್ತಿತ್ತು.

ಒಂದು ದಿನ ಕಲ್ಲಿನ ಮೂಲೆಯಲ್ಲಿ ಪುಟ್ಟ ಕಂದು ತೆಂಗಿನಮರ ಕಂಡಿತು. ಕಾಂಡ, ಮೇಲೆ ಗರಿ, ಥೇಟ್ ತೆಂಗು. ನಾನು ತಿಪಟೂರಿನವಳು, ಹಿಗ್ಗಿ ಅಳಿಯನನ್ನು ಕರೆದೆ. ಅವನ ಮುಖ ಇಳಿಯಿತು. ಅದು ಐಪ್ಟೇಸಿಯಾ, ಅಕ್ಕಪಕ್ಕದವರನ್ನೆಲ್ಲ ಕುಟುಕಿ ಹಬ್ಬುವ ಪಿಡುಗು. 'ಅದಕ್ಕೇನು, ಕಳೆ ಕಿತ್ತ ಹಾಗೆ ಕಿತ್ತುಹಾಕಿ' ಎಂದೆ. ಪುಸ್ತಕ ನೋಡೋಣ ಎಂದು ಅವನು ಅನುಮಾನಿಸಿದ. ನಾನು ಬಿಡಲಿಲ್ಲ, ಮೇಷ್ಟ್ರ ಜಾತಿ. ಚಾಕುವಿನಿಂದ ಕೆರೆದುಹಾಕಿದ.

ಮೂರು ವಾರದಲ್ಲಿ ಒಂಬತ್ತು ತೆಂಗಿನಮರ! ಚೂರು ಉಳಿದರೂ ಅದೇ ಮತ್ತೊಂದಾಗುತ್ತದೆ, ರಕ್ತಬೀಜಾಸುರನ ಹಾಗೆ. ನನ್ನ ಮಾತಿಗೆ ಬೆಲೆ ಕೊಟ್ಟು ಅವನು ಮಾಡಿದ ಮೊದಲ ಕೆಲಸ ಹೀಗಾಯಿತು. 'ನನ್ನದೇ ತಪ್ಪು' ಎಂದೆ. ಮದುವೆಯ ವಿಷಯದಲ್ಲಿ ಇಂಥ ಮಾತು ನನ್ನ ಬಾಯಿಂದ ಬಂದಿರಲಿಲ್ಲ. 'ಸಾರಮಿಲ್ಲ ಟೀಚರೇ' ಎಂದ. ಸಾರಮಿಲ್ಲ ಎಂದರೆ ಅವರ ಭಾಷೆಯಲ್ಲಿ ಪರವಾಗಿಲ್ಲ ಎಂದು. ಟೀಚರೇ ಎಂದದ್ದಕ್ಕೆ ಅರ್ಥ ಕೇಳಬೇಕಾಗಿರಲಿಲ್ಲ. ಮರುದಿನ ಅದನ್ನು ತಿನ್ನುವ ಪೆಪ್ಪರ್‌ಮಿಂಟ್ ಸಿಗಡಿ ಎರಡು ತಂದ. ಎಲ್ಲವೂ ತಿನ್ನುವುದಿಲ್ಲವಂತೆ, ನಮ್ಮವು ತಿನ್ನತೊಡಗಿದವು.

ಜೂನ್ ಎರಡನೇ ವಾರ ಮಗಳಿಗೆ ಒತ್ತಡ ಮತ್ತೆ ಏರಿ, ಸಂಜೆಯೇ ಆಸ್ಪತ್ರೆಗೆ ಸೇರಿಸಿಕೊಂಡರು. ರಾತ್ರಿ ಜೊತೆಗೆ ಒಬ್ಬರೇ ಇರಿ ಎಂದರು. ಅವನು ಉಳಿದ, ನನ್ನನ್ನು ಪಕ್ಕದ ಮನೆಯವರು ಮನೆಗೆ ತಂದು ಬಿಟ್ಟರು. ದೇವರ ಮುಂದೆ ಕುಳಿತೆ, ಆಗಲಿಲ್ಲ. ತೊಟ್ಟಿಯ ಮುಂದೆ ಕುಳಿತೆ.

ಬೆಳಗಿನ ಜಾವ ಫೋನು ಬಂತು. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದ. ನನಗೆ ಮಾತು ಹೊರಡಲಿಲ್ಲ. ಆ ಕಡೆ ಅವನೂ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

'ಟೀಚರೇ, ತೆಂಗಿನಮರ ಎಷ್ಟಿವೆ?' ಎಂದ.

'ಇರು, ಎಣಿಸಿ ಹೇಳ್ತೀನಿ' ಎಂದು ಟಾರ್ಚು ಹುಡುಕಿದೆ. ಎರಡು ಉಳಿದಿದ್ದವು.